ಪೂಜ್ಯ ಮಹಾಪೌರರ ಕಸದ ಡಬ್ಬಿ

ನನ್ನ ಬಾಯಿಗೆ ಬೀಗವಿಲ್ಲ. ಅವತ್ತಾದರೂ ಸುಮ್ಮನಿರಬೇಕಿತ್ತು.

ಕೋವಿಡ್ ತಣ್ಣಗಾದ ಮೇಲೆ ಮಾವ ಸ್ಯಾನ್ ಡಿಯಾಗೋದ ನಮ್ಮ ಮನೆಗೆ ಬಂದರು. ಬೆಂಗಳೂರಿನಲ್ಲಿ ಕಾರ್ಪೊರೇಷನ್ ಗುಮಾಸ್ತರಾಗಿದ್ದವರು. ಪಕ್ಕದ ಮನೆಯಲ್ಲಿ ಹರಿದ ಚಡ್ಡಿಯ ಒಬ್ಬ ಅಮೆರಿಕನ್ ಮುದುಕರು ಒಂಟಿಯಾಗಿದ್ದರು. ಒಂದು ದಿನ ಅವರ ಕಸದ ಡಬ್ಬಿ ನಮ್ಮ ಡ್ರೈವ್‌ವೇಗೆ ಅಡ್ಡ ನಿಂತಿತ್ತು. "ಏನ್ರೀ ಯಜಮಾನ್ರೇ, ನಿಮ್ ಕಸ ನಮ್ಮನೆ ಮುಂದೆ ಯಾಕ್ರೀ?" ಎಂದು ಮಾವ ಕನ್ನಡದಲ್ಲೇ ದಬಾಯಿಸಿದರು. ಆ ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ನಮಗೆ ಅವರು ಯಜಮಾನರು. ದಿನಾ ಸಂಜೆ ಅವರ ಗ್ಯಾರೇಜಿನ ಮುಂದೆ ಎರಡು ಕುರ್ಚಿ. ಮಾವ ಅರೆಬರೆ ಇಂಗ್ಲಿಷಿನಲ್ಲಿ ಅವರ ಕಾಫಿಯನ್ನು ಬೈಯುತ್ತಿದ್ದರು, ಯಜಮಾನರು ಖುಷಿಪಡುತ್ತಿದ್ದರು. ಬೇರೆ ಯಾರೂ ಅವರ ಮನೆಗೆ ಬಂದದ್ದನ್ನು ನಾನು ಕಾಣೆ.

ಲಾಸ್ ಏಂಜಲೀಸ್ ಹತ್ತಿರ, ಟೊರೆನ್ಸ್‌ನಲ್ಲಿ ಗೆಳತಿಯ ಗೃಹಪ್ರವೇಶಕ್ಕೆ ಹೋದಾಗ ಈ ಇಬ್ಬರ ಫೋಟೋ ತೋರಿಸಿದೆ. ಅವಳು ಮೊದಲು ಅಮೆರಿಕದ ಪೂರ್ವದ ಕಡೆಯ ದೊಡ್ಡ ನಗರವೊಂದರಲ್ಲಿದ್ದವಳು.

"ಅಯ್ಯೋ, ಇವ್ರು ನಮ್ ಮೇಯರ್ ಕಣೇ! ಕಸದ ಲಾರಿ ಓಡಿಸ್ಕೊಂಡಿದ್ದೋರು, ಎಂಟು ವರ್ಷ ಇಡೀ ಸಿಟಿ ನಡೆಸಿದ್ರು. ಮೂರನೇ ಸಲ ಸೋತ್ರು ನೋಡು, ಆಮೇಲೆ ಅವ್ರನ್ನ ಕೇಳೋರೇ ಇಲ್ಲ."

ನನ್ನ ಕೈಯ ಹೋಳಿಗೆ ಜಾರಿ ಬಿತ್ತು.

ಮನೆಗೆ ಬಂದವಳೇ ಮಾವನಿಗೆ ಹೇಳಿಬಿಟ್ಟೆ. ನಗುತ್ತಾರೆ ಅಂದುಕೊಂಡಿದ್ದೆ, ಅವರ ಮುಖ ಬಿಳಿಚಿಕೊಂಡಿತು. ಅವರ ಕಚೇರಿಯಲ್ಲಿ ಮೇಯರ್ ವರ್ಷಕ್ಕೊಬ್ಬರು. ಗೌನು ತೊಟ್ಟು ಬಂದವರಿಗೆಲ್ಲ ಮಾವ ಎದ್ದು ನಿಂತು ಕೈಮುಗಿದವರು.

"ಎಂಟು ವರ್ಷನಾ? ಪೂಜ್ಯ ಮಹಾಪೌರರೇ ಅಂತ ಕರೀಬೇಕಿತ್ತಮ್ಮ. ಕಸಕ್ಕೆ ಬೈದುಬಿಟ್ಟೆನಲ್ಲ!"

ಮರುದಿನ ಇಸ್ತ್ರಿ ಮಾಡಿದ ಶರಟು ತೊಟ್ಟು ಹೋದರು. ಯಜಮಾನರು ಕುರ್ಚಿ ತಟ್ಟಿ ಕರೆದರು. ಮಾವ ನಿಂತೇ ಇದ್ದರು. "ನೋ ಸರ್, ಪ್ಲೀಸ್ ಸರ್." ಕಾಫಿ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡು, "ವೆರಿ ನೈಸ್ ಕಾಫಿ ಸರ್" ಅಂದರು. ಯಜಮಾನರ ನಗು ಇಳಿದುಹೋಯಿತು. ಬೇಲಿಯಾಚೆ ಇದ್ದ ನನ್ನನ್ನು ನೋಡಿ ಕೇಳಿದರು: "ನೀನು ಹೇಳಿದೆಯಾ?"

ನಾನು ಹೂಂ ಅಂದೆ. ಗೌರವ ಕೊಟ್ಟು ಒಬ್ಬರನ್ನು ಹೀಗೂ ನೋಯಿಸಬಹುದೆಂದು ಆಗಲೇ ತಿಳಿದದ್ದು.

ಆಮೇಲೆ ಮಾವ ಅತ್ತ ಹೋಗಲೇ ಇಲ್ಲ, ದೊಡ್ಡವರಿಗೆ ತೊಂದರೆ ಯಾಕೆಂದು. ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ನೋಡಿದರೆ ಯಜಮಾನರ ಕಸದ ಡಬ್ಬಿ ನಮ್ಮ ಡ್ರೈವ್‌ವೇಗೆ ಅಡ್ಡ ನಿಂತಿದೆ. ಅಂದು ಲಾರಿ ಬರುವ ದಿನವೇ ಅಲ್ಲ. ಗ್ಯಾರೇಜಿನ ಮುಂದೆ ಎರಡು ಕುರ್ಚಿ ಹಾಕಿ, ಒಂದರಲ್ಲಿ ಯಜಮಾನರು ಇತ್ತ ಮುಖ ಮಾಡಿ ಕೂತಿದ್ದರು.

ಬೈಯಿರಿ ಮಾವ, ಒಂದೇ ಒಂದು ಸಲ ಬೈಯಿರಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮಾವ ಚಪ್ಪಲಿ ಬಿಟ್ಟು ಹೊರಗೆ ಹೋದರು. ಡಬ್ಬಿಯನ್ನು ಸದ್ದಾಗದಂತೆ ತಳ್ಳಿಕೊಂಡು ಹೋಗಿ ಅವರ ಮನೆ ಮುಂದೆ ನಿಲ್ಲಿಸಿ, ಕೈಮುಗಿದು ಬಂದರು.