ಚಕ್ರದೊಳಗಿನ ಗಾಳಿ

ಮೇಲೆ ಹೋಗಿ ಮರಳಿ ಇಳಿಯುವ ಬಾಹ್ಯಾಕಾಶ ವಿಮಾನಕ್ಕೆ ಚಕ್ರ ಜೋಡಿಸುವುದು ನನ್ನ ಗಂಡನ ಕೆಲಸ. ಅಂದು ಬೆಳಿಗ್ಗೆ ಚಹಾ ಕೊಡುತ್ತಾ ಕೇಳಿದೆ.

"ಅಲ್ಲಿ ಗಾಳಿನೇ ಇಲ್ಲ ಅಂತೀರಿ. ಮತ್ತೆ ಚಕ್ರಕ್ಕೆ ಗಾಳಿ ಎಲ್ಲಿಂದ ಬರುತ್ತೆ?"

"ಬುತ್ತಿ ಕಟ್ಟಿ ಕಳಿಸ್ತೀವಿ ಕಣೇ. ನಿನ್ನೆ ತಾನೇ ನಾನೇ ತುಂಬಿದೆ," ಎಂದು ನಕ್ಕರು.

ಮಧ್ಯಾಹ್ನ ಕೆಲಸದ ಶೆಡ್ಡಿನಲ್ಲೇ ಅವರ ಎದೆಬಡಿತ ನಿಂತುಹೋಯಿತು.

ಆಮೇಲೆ ವಿಮಾನ ಹೋಯಿತು. ಅವರು ತುಂಬಿದ ಗಾಳಿ ಉಳಿದೀತೋ ಇಲ್ಲವೋ, ನನಗೆ ಅದೊಂದೇ ಯೋಚನೆ. ಅದು ಇಳಿದ ದಿನ, ಅದೇ ಶೆಡ್ಡಿನಲ್ಲಿರುವ ಮೈದುನ ಫೋನ್ ಮಾಡಿದ.

"ಅತ್ತಿಗೆ, ಅಣ್ಣ ತುಂಬಿದ ಗಾಳಿ ಒಂಚೂರೂ ಇಳಿದಿಲ್ಲ!"

"ಆ ಚಕ್ರ ಹಾಗೇ ಇಡ್ತಾರಾ?"

"ಇಲ್ಲ ಅತ್ತಿಗೆ. ವಿಮಾನ ಅದೇ ಮತ್ತೆ ಹೋಗುತ್ತೆ. ಚಕ್ರ ಮಾತ್ರ ಹೊಸದು."

ಈಗ ಅವರ ಸೈಕಲ್ಲಿನಲ್ಲಿ ನಾನು ಕೆಲಸಕ್ಕೆ ಹೋಗುತ್ತೇನೆ. ಅದರ ಹಿಂದಿನ ಚಕ್ರ ರಾತ್ರಿಯೆಲ್ಲ ಸೊರಗುತ್ತದೆ. ಬೆಳಿಗ್ಗೆ ಎದ್ದವಳೇ ಪಂಪು ಹೊಡೆದು, ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ.