ಅಳ್ಳಿನ ಜೋಳದ ಗಡಿಗೆ

ನಮ್ಮ ಸಂಘದ ಬೀಜದ ಕೋಣೆಗೆ ಬೀಜ ಕೇಳುವವರಿಗಿಂತ ನೋಡಿ ಹೋಗುವವರೇ ಹೆಚ್ಚು. ಬರುತ್ತಾರೆ, ಗಡಿಗೆಗಳ ಫೋಟೊ ತೆಗೆಯುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಮಂಠಾಳದ ಸುತ್ತ ಹೊಲಗಳಲ್ಲೆಲ್ಲ ಸೋಯಾ, ಅದು ಮುಗಿದರೆ ಕಡಲೆ, ನೀರಿದ್ದಲ್ಲಿ ಕಬ್ಬು. ಕೋಣೆ ನೋಡಿಕೊಳ್ಳುವವಳು ನಾನು. ನನ್ನ ಬಾಯಿ ಸುಮ್ಮನಿರುವುದಲ್ಲ, ಬಂದವರಿಗೆ ಹೇಳಿಯೇ ಬಿಡುತ್ತೇನೆ: ಬೀಜ ಇರುವುದು ಆರತಿ ಎತ್ತಲಿಕ್ಕಲ್ಲ, ಮಣ್ಣಿಗೆ ಹಾಕಲಿಕ್ಕೆ.

ಆ ವರ್ಷ ಅಳ್ಳಿನ ಜೋಳ ಒಂದೇ ಸೇರು ಉಳಿದಿತ್ತು. ಪಂಚಮಿಗೆ ಬಿಸಿ ಉಸುಕಿನಲ್ಲಿ ಹಾಕಿದರೆ ಪಟಪಟನೆ ಸಿಡಿದು ಬೆಳ್ಳಗೆ ಅರಳಿ ಅಳ್ಳಾಗುವ ಸಣ್ಣ ಕಾಳು. ಹುಮನಾಬಾದ್ ಕಡೆಯ ನನ್ನ ತವರಿನಲ್ಲಿ ಕೇಳಿದೆ, ಹುಲಸೂರಿನ ಬೀಗರಲ್ಲಿ ಕೇಳಿದೆ, ಎಲ್ಲಿಯೂ ಇರಲಿಲ್ಲ. ಬೂದಿ, ಬೇವಿನೆಲೆ ಹಾಕಿ ಎಷ್ಟು ಜೋಪಾನ ಮಾಡಿದರೂ ಬೀಜಕ್ಕೆ ವಯಸ್ಸಾಗಿತ್ತು. ಒಂದಿಷ್ಟು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿದರೆ ಅರ್ಧದಷ್ಟೂ ಮೊಳೆಯಲಿಲ್ಲ. ಇನ್ನೊಂದು ವರ್ಷ ಇಟ್ಟರೆ ಅದು ಗಡಿಗೆಯಲ್ಲೇ ಸಾಯುತ್ತಿತ್ತು.

ಕೊನೆಗೆ ಬಿತ್ತಲು ಒಪ್ಪಿದವಳು ಕುರಿ ಸಾಕುವ ಮನೆಯ ಕಾಕಿ. ಆಕೆಗೆ ಕುರಿಗಳಿಗೆ ಮೇವೂ ಬೇಕಿತ್ತು. ಕೋಣೆಯ ನಿಯಮ ಎಲ್ಲರಿಗೂ ಗೊತ್ತು: ಒಂದು ಸೇರು ಒಯ್ದವರು ಬೆಳೆದ ಮೇಲೆ ಎರಡು ಸೇರು ತಂದು ಹಾಕಬೇಕು.

"ನಾ ಯಾರ ಋಣಾ ಇಟ್ಕೊಳ್ಳಾಕಿ ಅಲ್ಲ, ಯವ್ವಾ," ಎಂದು ಬೀಜವನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಜೋಳ ಸೊಗಸಾಗಿ ಬಂತು. ಎಳ್ಳಾಮಾಸೆಗೆ ಆಕೆಯ ಹೊಲದಲ್ಲೇ ಕುಳಿತು ಭಜ್ಜಿ, ಸಜ್ಜೆ ರೊಟ್ಟಿ ಉಂಡೆವು. ತೆನೆಗೆ ಹಾಲು ತುಂಬುತ್ತಿತ್ತು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಆಮೇಲೆ ಹಕ್ಕಿ ಬಂದವು. ಹಿಂದೆ ಎಲ್ಲರೂ ಜೋಳ ಬಿತ್ತುತ್ತಿದ್ದಾಗ ಅವು ಎಲ್ಲರ ಹೊಲದಲ್ಲೂ ಒಂದಿಷ್ಟು ತಿನ್ನುತ್ತಿದ್ದವು, ಯಾರಿಗೂ ಭಾರವಾಗುತ್ತಿರಲಿಲ್ಲ. ಈಗ ಕಣ್ಣು ಹಾಯಿಸಿದಷ್ಟು ದೂರ ಜೋಳವಿದ್ದದ್ದು ಕಾಕಿಯ ಹೊಲದಲ್ಲಿ ಮಾತ್ರ. ಇಡೀ ಸೀಮೆಯ ಗುಬ್ಬಿ, ಗಿಣಿ ಅಲ್ಲಿಗೇ ಇಳಿದವು. ಕಾಕಿ ಕವಣೆ ಬೀಸಿದಳು, ನಾನು ತಗಡು ಬಡಿದೆ. ಈ ತುದಿಯಲ್ಲಿ ಎಬ್ಬಿಸಿದರೆ ಆ ತುದಿಯಲ್ಲಿ ಕೂಡುತ್ತಿದ್ದವು. ಹಳೆಯ ಸೀರೆ ಹರಿದು ತೆನೆಗಳಿಗೆ ಕಟ್ಟಿದೆವು, ಗಿಣಿಗಳು ಬಟ್ಟೆಯನ್ನೇ ಹರಿದವು. ಬಾಯಿಗೆ ಬಂದಂತೆ ಬೈದೆ. ಹೊಟ್ಟೆಗೆ ತಿನ್ನುವ ಹಕ್ಕಿಗೆ ಬೈದು ಏನಾಗಬೇಕಿತ್ತು? ಬದುವಿನ ಮೇಲೆ ಕುಳಿತು ಅತ್ತುಬಿಟ್ಟೆ.

ಒಂದು ಮುಂಜಾನೆ ಹೋದಾಗ ಕಾಕಿ ಉಳಿದ ತೆನೆಗಳನ್ನು ಹಸಿಯಾಗಿಯೇ ಕೊಯ್ದು ಬುಟ್ಟಿಗೆ ಹಾಕುತ್ತಿದ್ದಳು.

"ಕಾಕಿ, ಇನ್ನಾ ಬಲ್ತಿಲ್ಲರಿ. ಬಿತ್ತಿದ್ರ ಮೊಳಿಯೂದಿಲ್ಲ."

"ಗೊತ್ತದ. ದಿನಾ ತಿನ್ನಾಕತ್ತಾವ, ನಾಳಿಗಿ ಇದೂ ಇರೂದಿಲ್ಲ. ಹ್ಯಾಂಗ ಮಾಡ್ಲಿ, ನೀನೇ ಹೇಳು."

ನಾನೂ ಕುಡುಗೋಲು ಹಿಡಿದೆ.

ಒಣಗಿದ ಮೇಲೆ ಕಾಳು ಮುದುಡಿದವು. ಅವನ್ನೂ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ದಿನಾ ಬಿಚ್ಚಿ ನೋಡಿದೆ. ಒಂದೂ ಬಾಯಿ ಬಿಡಲಿಲ್ಲ.

ಬೇಸಿಗೆಯಲ್ಲಿ ಕಾಕಿ ಕೋಣೆಗೆ ಬಂದಳು. ಕೈಯಲ್ಲಿ ಬಸವಕಲ್ಯಾಣದ ಬಜಾರಿನಿಂದ ತಂದ ಚೀಲ, ಅದರಲ್ಲಿ ದಪ್ಪ ಕಾಳಿನ ಜೋಳ. ಅಳತೆಯ ಸೇರು ಎತ್ತಿಕೊಂಡು ತಾನೇ ಅಳೆಯಲು ಕುಳಿತಳು.

"ಕಾಕಿ, ಬ್ಯಾಡರಿ. ನಿಮ್ದೇನು ತಪ್ಪದ ಇದ್ರಾಗ?"

"ಒಯ್ದೀನಿ, ಕೊಡಬೇಕು. ಇಲ್ಲಂದ್ರ ನನಗ ನಿದ್ದಿ ಹತ್ತೂದಿಲ್ಲ."

ಇದು ಆ ಬೀಜವಲ್ಲ ಎನ್ನಬೇಕೆಂದಿದ್ದೆ. ಆಕೆಗೆ ಗೊತ್ತಿಲ್ಲದ್ದೇನಲ್ಲ. ಅಳ್ಳಿನ ಜೋಳದ ಬರಿದಾದ ಗಡಿಗೆಯ ಮುಚ್ಚಳ ತೆಗೆದು, ನನ್ನ ಮುಖ ನೋಡದೆ, ಎರಡು ಸೇರು ತುಳುಕುವಂತೆ ಅಳೆದು ಸುರಿದಳು.

"ಮುಟ್ಟಿತಿಲ್ಲೋ?" ಎಂದು ಕೇಳಿದಳು.

"ಮುಟ್ಟಿತ್ರಿ, ಕಾಕಿ," ಎಂದೆ.