ಅಕ್ಕೋರು ಬಿಟ್ಟುಕೊಡದ ಸೀಟು

ಏನೇ ಮುರಿದರೂ ಅಕ್ಕೋರು ಅದರ ಮುರಿದ ಮುಖವನ್ನು ಕಣ್ಣಿನ ಹತ್ತಿರ ಹಿಡಿದು, ಎಡಗಣ್ಣು ಮುಚ್ಚಿ, ಬೆಳಕಿಗೆ ಹೊರಳಿಸಿ ನೋಡುತ್ತಿದ್ದರು. ಸೀಮೆಸುಣ್ಣವಾಗಲಿ, ಕೊಡೆಯ ಕಡ್ಡಿಯಾಗಲಿ, ಕಟಕ ರೊಟ್ಟಿಯಾಗಲಿ, ಬಿಡುತ್ತಿರಲಿಲ್ಲ. ಹುಬ್ಬಿಗೆ ಸದಾ ಸುಣ್ಣದ ಪುಡಿ ಮೆತ್ತಿರುತ್ತಿತ್ತು.

ಬೆಟಗೇರಿಯ ನಮ್ಮ ಓಣಿಯ ನೇಕಾರರ ಮನೆಯಲ್ಲಿ ಹುಟ್ಟಿ, ಗದಗಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ನನಗಿಂತ ಬಹಳ ಚಿಕ್ಕವರು; ಆದರೂ ಕಲಿಸುವವರೆಂದು ಅಕ್ಕೋರು ಎಂದೇ ಕರೆದೆ. ಬೇಗ ಶಾಲೆ ಬಿಟ್ಟು, ಉಳಿದುದನ್ನು ಗ್ರಂಥಾಲಯದಲ್ಲಿ ತಡಕಾಡಿ ಕಲಿತ ನನಗೆ ಲೋಹವೂ ದಣಿಯುತ್ತದೆಂದು ತಿಳಿಸಿದವರು ಅವರು.

"ಕಬ್ಬಿಣ ಒಮ್ಮಿಗೇ ಮುರಿಯೂದಿಲ್ರಿ ಕಾಕಾ. ಒಳಗ ಯಾವಾಗೋ ಬಿರಕ ಬಿಟ್ಟಿರತೈತಿ," ಅನ್ನುತ್ತಿದ್ದರು.

ಪದಾರ್ಥ ವಿಜ್ಞಾನದಲ್ಲಿ ಡಾಕ್ಟರೇಟ್ ಸಂಶೋಧನೆ ಮಾಡಬೇಕೆಂಬುದೊಂದೇ ಅವರ ಆಸೆ. ದೂರದ ಸಂಸ್ಥೆಯೊಂದು ಸಂದರ್ಶನಕ್ಕೆ ಕರೆಯಿತು. ಅಲ್ಲಿಯ ಪ್ರಾಧ್ಯಾಪಕರು ಎರಡು ತುಂಡಾದ ಉಕ್ಕಿನ ಸಲಾಕೆಯನ್ನು ಕೈಗಿತ್ತು, ಇದು ಏಕೆ ಮುರಿಯಿತೆಂದು ಕೇಳಿದರು. ಅಕ್ಕೋರು ನೋಡುವ ಮೊದಲೇ ತುದಿಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿಬಿಟ್ಟರು. ಮಗ್ಗದ ಮೇಲೆ ಉದ್ದಕ್ಕೆ ಹಾಯುವ ಹಾಸಿನ ಎಳೆ ಹರಿದರೆ ಕೂಡಲೇ ಎರಡು ತುದಿಗಳನ್ನು ಹೊಸೆಯುವುದು ನೇಕಾರರ ಕೈಗೆ ಅಂಟಿದ ಗುಣ. ಆದರೆ ಮುರಿದ ಮುಖಗಳು ಉಜ್ಜಿಕೊಂಡರೆ ಕಾರಣದ ಗುರುತೇ ಅಳಿಯುತ್ತದೆ. ಪ್ರಾಧ್ಯಾಪಕರು ತುಂಡುಗಳನ್ನು ಹಿಂದಕ್ಕೆ ತೆಗೆದುಕೊಂಡರು. ಸೀಟು ಬೇರೆಯವರಿಗೆ ಹೋಯಿತು.

"ಏನಾತ್ರಿ ಅಕ್ಕೋರ?" ಎಂದು ಕೇಳಿದೆ.

"ನಾ ಸಂದರ್ಶನಕ್ಕ ಹೋಗಿದ್ದೆ, ನನ್ನ ಕೈ ನೇಯಾಕ ಹೋಗಿತ್ರಿ ಕಾಕಾ."

ಮುರಿದುದನ್ನು ಮೊದಲು ನೋಡುವ ಅವರ ಅಭ್ಯಾಸ ಆ ಸಂದರ್ಶನದ ಅನಂತರದ್ದು.

ಮತ್ತೆ ಮತ್ತೆ ಅರ್ಜಿ ಹಾಕಿದರು. ಒಂದು ಕಡೆ ನೌಕರಿ ಬಿಟ್ಟು ಬನ್ನಿ ಎಂದರು, ಇನ್ನೊಂದು ಕಡೆ ವಯಸ್ಸಾಯಿತು ಎಂದರು. ಈ ನಡುವೆ ಶಿರಹಟ್ಟಿ, ಮುಂಡರಗಿ ಕಡೆಯಿಂದ ಬರುವ ವಿದ್ಯಾರ್ಥಿನಿಯರಿಗೆ ಇಂಥ ಅವಕಾಶಗಳ ಸುದ್ದಿ ಮುಟ್ಟಿಸಿ, ಸಂದರ್ಶನಕ್ಕೆ ಸಜ್ಜುಗೊಳಿಸುತ್ತಿದ್ದರು. ಹಮ್ಮಿಗಿಯ ಹುಡುಗಿಯೊಬ್ಬಳಿಗೆ ಸೀಟು ಸಿಕ್ಕ ದಿನ ಪೇಢೆ ತಂದು ಓಣಿಗೆಲ್ಲ ಹಂಚಿದರು, ತಾವು ತಿನ್ನಲಿಲ್ಲ.

"ಖುಷಿ ಐತ್ರಿ ಕಾಕಾ. ಹೊಟ್ಟಿಕಿಚ್ಚೂ ಐತಿ. ಎರಡೂ ಖರೇನ."

ಈ ವರ್ಷ ಕಾಯಿಲೆ ಅವರನ್ನು ಒಯ್ದಿತು. ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು, ಸಂಸಾರಕ್ಕಾಗಿ ಡಾಕ್ಟರೇಟನ್ನೇ ತ್ಯಾಗ ಮಾಡಿದ ಮಹಾತಾಯಿ ಎಂದು ಕೊಂಡಾಡಿದರು. ಮುಂದೆ ಕುಳಿತ ಹುಡುಗಿಯರು ತಲೆಯಾಡಿಸುತ್ತಿದ್ದರು. ಎಷ್ಟೋ ಸಾವುಗಳಲ್ಲಿ ಇದೇ ಮಾತು ಕೇಳಿ ದಣಿದಿದ್ದೇನೆ. ಎದ್ದು ನಿಂತೆ.

"ತ್ಯಾಗ ಮಾಡಲಿಲ್ರಿ ಅವರು. ಕಡೀತನಕ ಬೇಕಂದ್ರು, ಸಿಗಲಿಲ್ಲ."

ಪಕ್ಕದ ಗೆಳೆಯ ಅಂಗಿ ಜಗ್ಗಿದ. "ಕುಂಡ್ರೋ ಮಾರಾಯಾ. ಸತ್ತವರ ಮಾನ ಯಾಕ ತಗೀತಿ?"

ಆಗ ಅಕ್ಕೋರ ಗಂಡ ಕುಳಿತಲ್ಲಿಂದಲೇ ಮೆಲ್ಲಗೆ ಹೇಳಿದರು: "ಕಾಕಾ ಹೇಳೂದು ಖರೆ ಐತ್ರಿ. ದವಾಖಾನ್ಯಾಗ ಕುಂತು ಇನ್ನೊಂದು ಅರ್ಜಿ ಹಾಕ್ಯಾಳ. ಜವಾಬ ಇನ್ನೂ ಬಂದಿಲ್ಲ."

ಅನಂತರದ ಭಾಷಣಕಾರರೂ ತ್ಯಾಗವನ್ನೇ ಹೊಗಳಿದರು. ನಾನು ಕುಳಿತುಕೊಳ್ಳಲಿಲ್ಲ.